ದಿನಾ ಎಣ್ಣೆ ಹಚ್ಚಲು ಪುರುಸೊತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ, ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಚಿಕ್ಕ ಮಕ್ಕಳು. ರಾತ್ರಿ ಮಲಗಿದರೂ ತಲೆಯಲ್ಲಿ ಏನೋ ಓಡುತ್ತಲೇ ಇರುತ್ತದೆ. ಚರ್ಮ ತುಂಬಾ ಒಣಗಿದೆ. ದಿನಾ ಅಭ್ಯಂಗ ಮಾಡು ಎನ್ನುತ್ತಾರೆ, ಬೆಳಗ್ಗೆ ಅಷ್ಟು ಹೊತ್ತು ಎಲ್ಲಿದೆ?
– ಓದುಗರು, ದಾವಣಗೆರೆ

ಉತ್ತರ: ಇಡೀ ಮೈಗೆ ದಿನಾ ಹಚ್ಚಲೇಬೇಕು ಅಂತ ಹಟ ಬೇಡ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಿ ಎಂದು ವಾಗ್ಭಟನ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯದಲ್ಲೇ ಇದೆ. ಈ ಮೂರರಲ್ಲಿ ನಿಮಗೆ ಸುಲಭ ಪಾದವೇ. ಮಕ್ಕಳು ಮಲಗಿದ ಮೇಲೆ ಒಂದು ಚಮಚ ಎಳ್ಳೆಣ್ಣೆ ಉಗುರುಬೆಚ್ಚಗೆ ಮಾಡಿ, ಅಂಗಾಲು, ಹಿಮ್ಮಡಿಗೆ ನಿಧಾನವಾಗಿ ತಿಕ್ಕಿ, ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಳ್ಳಿ, ಇಲ್ಲದಿದ್ದರೆ ಬಚ್ಚಲಿಗೆ ಹೋಗುವಾಗ ಕಾಲು ಜಾರುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ದೂರ ಇರಲಿ, ಇದನ್ನು ಒತ್ತಿ ಹೇಳುತ್ತೇನೆ. ಬೇಸಿಗೆಯಲ್ಲಿ ಉಷ್ಣ ಜಾಸ್ತಿ ಅನಿಸಿದರೆ ಕೊಬ್ಬರಿ ಎಣ್ಣೆ ಸಾಕು.

ಪೂರ್ತಿ ಎಣ್ಣೆಸ್ನಾನ ಭಾನುವಾರಕ್ಕೆ ಇಟ್ಟುಕೊಳ್ಳಿ. ಅರ್ಧ ಗಂಟೆ ಬಿಟ್ಟು ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ ಹಾಕಿ ತೊಳೆಯಿರಿ. ಮೈಗೆ ಬಿಸಿನೀರು ಸರಿ. ತಲೆಗೆ ಬೇಡ, ಕೂದಲಿಗೂ ಕಣ್ಣಿಗೂ ಒಳ್ಳೆಯದಲ್ಲ ಎನ್ನುತ್ತದೆ ಅದೇ ಗ್ರಂಥ. ನೆಗಡಿ, ಅಜೀರ್ಣ, ಜ್ವರ ಇದ್ದ ದಿನ ಎಣ್ಣೆಸ್ನಾನ ಬಿಟ್ಟುಬಿಡಿ.

ಸಂಜೆ ಮೇಲೆ ಕಾಫಿ ಕುಡಿಯುತ್ತೀರಾ? ಹಾಗಿದ್ದರೆ ಎಣ್ಣೆಗಿಂತ ಮೊದಲು ಅದನ್ನು ನಿಲ್ಲಿಸಿ. ಇಷ್ಟಾದರೂ ಮೂರು ನಾಲ್ಕು ವಾರ ನಿದ್ದೆ ಸರಿಹೋಗದಿದ್ದರೆ ಸುಮ್ನೆ ಕೂರಬೇಡಿ, ವೈದ್ಯರನ್ನು ಕಂಡು ಥೈರಾಯ್ಡ್ ಪರೀಕ್ಷೆ ಬೇಕಾ ಎಂದು ಕೇಳಿ. ಚರ್ಮ ಒಣಗುವುದಕ್ಕೆ ಅದೂ ಕಾರಣ ಇರಬಹುದು.