ಸ್ಟಾರ್ಟರ್ ಬಿಟ್ಟು ಫ್ರಿಜ್ಜಿನ ಹಿಂದೆ ಯಾಕೆ ಹೋದಿರಿ?

ಜಗಳೂರಿನ ಗೆಳೆಯರಿಗೆ, ದಾವಣಗೆರೆಯಿಂದ ನಮಸ್ಕಾರ.

ತಾವೇ ಗಮನಿಸಿ ಕೆಲಸ ಮಾಡುವ ಸ್ಮಾರ್ಟ್ ವಸ್ತುಗಳು ಮತ್ತು ಇಂಟರ್ನೆಟ್ ಆಫ್ ಥಿಂಗ್ಸ್ (ವಸ್ತುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಜಾಲ) ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಮಾಸಪತ್ರಿಕೆಗೆ ಆಗುವುದಿಲ್ಲ. ಆದರೆ ಅದರ ಜೊತೆ ಅರ್ಧ ಪುಟದ ಪತ್ರ ಇಟ್ಟಿದ್ದಿರಲ್ಲ, ಅದು ಚೆನ್ನಾಗಿದೆ. ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ. 'ಇಂದಿನ ಆಧುನಿಕ ಯುಗದಲ್ಲಿ' ಎಂದು ಶುರುವಾಗಿ ಒಂದೂವರೆ ಪುಟ ಸುಮ್ನೆ ಹೋಗಿದೆ. ಆಮೇಲೆ ಹಾಲು ಖಾಲಿಯಾದರೆ ತಾನೇ ಆರ್ಡರ್ ಮಾಡುವ ಫ್ರಿಜ್ ಬರುತ್ತದೆ. ಆ ಫ್ರಿಜ್ಜನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ನಮ್ಮ ಓದುಗರ ಮನೆಗೆ ಬೆಳಿಗ್ಗೆ ಹಾಲಿನವನೇ ಬರುತ್ತಾನೆ. ಇನ್ನು ಸ್ಮಾರ್ಟ್ ವಸ್ತು ಒಂದೊಂದಾಗಿ ಏರುವ ನಿಗಾ, ಹತೋಟಿ, ಸುಧಾರಣೆ, ಸ್ವಯಂಚಾಲನೆ ಎಂಬ ನಾಲ್ಕು ಮೆಟ್ಟಿಲು. ಇವನ್ನು ನೀವೇ ಕಂಡುಹಿಡಿದ ಹಾಗೆ ಬರೆದಿದ್ದೀರಿ. ಮೈಕೆಲ್ ಪೋರ್ಟರ್ ಮತ್ತು ಜೇಮ್ಸ್ ಹೆಪಲ್‌ಮನ್ 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಎಂಬ ವ್ಯವಹಾರ ಪತ್ರಿಕೆಯ ಲೇಖನದಲ್ಲಿ ಹೇಳಿದ್ದು ಅದು. ತಗೊಳ್ಳಿ, ತಪ್ಪಿಲ್ಲ. ಹೆಸರು ಹೇಳಿ ತಗೊಳ್ಳಿ.

ದೊಡ್ಡ ತಪ್ಪು ಮೂರನೇ ಪುಟದಲ್ಲಿದೆ. ಸ್ಮಾರ್ಟ್ ವಸ್ತು ಎಂದರೂ ಇಂಟರ್ನೆಟ್ ಆಫ್ ಥಿಂಗ್ಸ್ ಎಂದರೂ ಒಂದೇ ಎಂದಿದ್ದೀರಿ. ಹಾಗಲ್ಲ ಅನ್ನುವುದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. 'ಅಪ್ಪ ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ತ್ರೀ ಫೇಸ್ ಬಂದ ತಕ್ಷಣ ಅದೇ ಫೋನ್ ಮಾಡುತ್ತೆ. ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗೋದು ತಪ್ಪಿದೆ' ಎಂದು ಬರೆದಿದ್ದೀರಿ. ಲೇಖನದಲ್ಲಿ ಈ ಸಾಲಿಗೆ ಯಾಕೆ ಜಾಗ ಸಿಗಲಿಲ್ಲ?

ಆ ಡಬ್ಬಿಯೊಳಗೆ ಏನಿದೆ ನೋಡಿ. ಮೋಟಾರನ್ನು ಆನ್-ಆಫ್ ಮಾಡುವ ಭಾಗ ಹಳೇ ಸ್ಟಾರ್ಟರಿನದೇ. ಅದರ ಪಕ್ಕ ಒಂದು ಸಣ್ಣ ಸರ್ಕಿಟ್. ಮೂರೂ ಫೇಸ್ ಬಂದಿದೆಯಾ, ವೋಲ್ಟೇಜ್ ಸರಿಯಿದೆಯಾ, ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತಿದೆ, ಎಲ್ಲವನ್ನೂ ಅದು ನೋಡುತ್ತಿರುತ್ತದೆ. ಕೊಳವೆಬಾವಿಯಲ್ಲಿ ನೀರು ತಳ ಕಂಡರೆ ಪಂಪಿನ ಭಾರ ಇಳಿಯುತ್ತದೆ, ಎಳೆಯುವ ಕರೆಂಟೂ ಇಳಿಯುತ್ತದೆ. ನೀರಿಲ್ಲ ಎಂದು ಸರ್ಕಿಟ್ ತಿಳಿಯುವುದು ಅದರಿಂದಲೇ. ಮೋಟಾರ್ ಸುಡುವ ಮೊದಲೇ ನಿಲ್ಲಿಸುತ್ತದೆ. ಕೊನೆಗೆ ಒಂದು ಸಿಮ್. ವಸ್ತು, ಬುದ್ಧಿ, ಸಂಪರ್ಕ: ಪೋರ್ಟರ್ ಮತ್ತು ಹೆಪಲ್‌ಮನ್ ಹೇಳುವ ಮೂರೂ ಭಾಗ ಒಂದೇ ಡಬ್ಬಿಯಲ್ಲಿವೆ. ಆದರೆ ಕೆಲಸ ನಡೆಯುವುದು ಫೋನ್ ಕರೆಯಿಂದ. ಇಂಟರ್ನೆಟ್ ಇಲ್ಲವೇ ಇಲ್ಲ!

ಈಗ ಇದನ್ನು ಬೋರಲು ಹಾಕಿ ನೋಡಿ. 'ಇಂಟರ್ನೆಟ್ ಆಫ್ ಥಿಂಗ್ಸ್' ಎಂಬ ಮಾತನ್ನು 1999ರಲ್ಲಿ ಹುಟ್ಟಿಸಿದವರು ಕೆವಿನ್ ಆಷ್ಟನ್. ಆಗ ಅವರು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದರು. ಅವರ ತಲೆನೋವು ಒಂದು ಲಿಪ್‌ಸ್ಟಿಕ್. ಒಂದು ಬಣ್ಣದ್ದು ಅಂಗಡಿಗಳ ಕಪಾಟಿನಲ್ಲಿ ಮತ್ತೆ ಮತ್ತೆ ಖಾಲಿಯಾಗುತ್ತಿತ್ತು, ಕಂಪನಿಗೆ ಗೊತ್ತಾಗುತ್ತಿರಲಿಲ್ಲ. ಸರಕಿಗೆ ರೇಡಿಯೋ ಚಿಪ್ ಅಂಟಿಸಿ ಲೆಕ್ಕವನ್ನು ಇಂಟರ್ನೆಟ್ಟಿಗೆ ಸೇರಿಸೋಣ ಎಂದರು. ಲಿಪ್‌ಸ್ಟಿಕ್ಕಿಗೆ ಎಂಥ ಬುದ್ಧಿ? ಅದು ಮೂಕವಸ್ತು. ಆದರೂ ಜಾಲದೊಳಗೆ ಅದಕ್ಕೆ ಜಾಗ ಇದೆ. ನಿಮ್ಮ ಸ್ಟಾರ್ಟರಿಗೆ ಬುದ್ಧಿ ಇದೆ, ಜಾಲ ಇಲ್ಲ. ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಮ್ಮ ಮೂರನೇ ಪುಟವೇ ಬೇಕಾಗಿಲ್ಲ, ಅಲ್ವಾ?

ಹಾಗಾದರೆ ಎರಡೂ ಸೇರುವುದೆಲ್ಲಿ? ಸದ್ಯಕ್ಕೆ ಆ ಸ್ಟಾರ್ಟರ್ ಮಾತಾಡುವುದು ನಿಮ್ಮ ಅಪ್ಪನ ಜೊತೆ ಮಾತ್ರ. ನಾಳೆ ಮಣ್ಣಿನ ತೇವ ಅಳೆಯುವ ಸೆನ್ಸರ್, ಡ್ರಿಪ್ಪಿನ ವಾಲ್ವ್, ಮಳೆ ಮುನ್ಸೂಚನೆ ಎಲ್ಲ ಇಂಟರ್ನೆಟ್ ಮೂಲಕ ಒಂದೇ ಕಡೆ ಸೇರಲಿ. ಮಳೆ ಬರುವ ಹಾಗಿದೆ, ಇವತ್ತು ಮೋಟಾರ್ ಬೇಡ ಎಂದು ಅಲ್ಲೇ ತೀರ್ಮಾನವಾಗಲಿ. ಆಗ ಸ್ಟಾರ್ಟರ್ ಆ ಜಾಲದ ಒಂದು ವಸ್ತು. ಇದು ಕಲ್ಪನೆ ಎನಿಸಿದರೆ ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ. ಈಗಿನ ದೊಡ್ಡ ಗಾಳಿಯಂತ್ರ ಗಾಳಿ ಬಂದ ದಿಕ್ಕಿಗೆ ತಾನೇ ಮುಖ ತಿರುಗಿಸುತ್ತದೆ, ರೆಕ್ಕೆಯ ಓರೆ ಬದಲಿಸುತ್ತದೆ. ಇಷ್ಟಕ್ಕೆ ಅಕ್ಕಪಕ್ಕದ ಯಂತ್ರದ ಸುದ್ದಿ ಬೇಡ. ಆದರೆ ಮುಂದಿನ ಯಂತ್ರ ಗಾಳಿಯ ಜೋರು ತಿಂದುಬಿಟ್ಟರೆ ಹಿಂದಿನದಕ್ಕೆ ಕಡಿಮೆ ಸಿಗುತ್ತದೆ. ಇಡೀ ಸಾಲಿನಿಂದ ಜಾಸ್ತಿ ವಿದ್ಯುತ್ ಬೇಕೆಂದರೆ ಎಲ್ಲದರ ಲೆಕ್ಕ ಒಟ್ಟಿಗೆ ಸಿಗಬೇಕು.

ಒಂದು ಸಣ್ಣ ಮಾತು. ಇಂಟರ್ನೆಟ್ ಆಫ್ ಥಿಂಗ್ಸ್‌ಗೆ ಒಂದು ಕಡೆ 'ವಸ್ತುಜಾಲ', ಇನ್ನೊಂದು ಕಡೆ 'ಐಒಟಿ', ಮತ್ತೊಂದು ಕಡೆ 'ವಸ್ತುಗಳ ಅಂತರ್ಜಾಲ' ಎಂದಿದ್ದೀರಿ. ಒಂದನ್ನು ಹಿಡಿದುಕೊಳ್ಳಿ. ಓದುಗ ಮೂರು ಬೇರೆ ಬೇರೆ ಎಂದುಕೊಳ್ಳುತ್ತಾನೆ.

ಸ್ಟಾರ್ಟರಿನಿಂದಲೇ ಶುರು ಮಾಡಿ ಹೊಸದಾಗಿ ಬರೆಯಿರಿ, ಎರಡು ಪುಟ ಸಾಕು. ಡಬ್ಬಿಯ ಬಾಗಿಲು ತೆಗೆದು ಒಂದು ಫೋಟೋ ಕಳಿಸಿ, ಮೇನ್ ಆಫ್ ಮಾಡಿಕೊಂಡೇ. ಟವರ್ ಸಿಗದ ರಾತ್ರಿ ಅಪ್ಪ ಏನು ಮಾಡುತ್ತಾರೆ ಎಂಬುದನ್ನೂ ಕೇಳಿ ಬರೆಯಿರಿ. ಫ್ರಿಜ್ ಬೇಡ.