ಮರಿ ಬಂದ ರಾತ್ರಿಯೇ ಫೀಡ್ ಹಾಕಿ

ಪ್ರಶ್ನೆ: ನಮ್ಮದು 3000 ಬ್ರಾಯ್ಲರ್ ಹಿಡಿಸುವ ಶೆಡ್ಡು. ಮರಿಗಳು ಬರುವಾಗ ರಾತ್ರಿ ಹನ್ನೊಂದಾಗಿರುತ್ತದೆ. ದಣಿದಿರುತ್ತವೆ ಎಂದು ಬೆಲ್ಲದ ನೀರು ಮಾತ್ರ ಇಟ್ಟು, ಬೆಳಗ್ಗೆ ಫೀಡ್ ಹಾಕುತ್ತೇವೆ. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇರುತ್ತದೆ, ಮೂರು ದಿನ ಏನೂ ಕೊಡದಿದ್ದರೂ ಬದುಕುತ್ತವೆ ಎಂದು ಹಳಬರು ಹೇಳುತ್ತಾರೆ. ಆದರೆ ಮೂರನೇ ವಾರಕ್ಕೆ ಒಂದೇ ಬ್ಯಾಚಿನಲ್ಲಿ ಕೆಲವು ದಪ್ಪ, ಕೆಲವು ಸಣ್ಣ. ತಪ್ಪು ಎಲ್ಲಿದೆ?
– ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರು

ಉತ್ತರ: ಹಳಬರ ಮಾತು ಸುಳ್ಳಲ್ಲ, ಎರಡು ಮೂರು ದಿನ ಮರಿ ಬದುಕಿಕೊಳ್ಳುತ್ತದೆ. ಆದರೆ ಆ ದಿನಗಳಲ್ಲಿ ಆಗಬೇಕಾದ ಬೆಳವಣಿಗೆ ಹಿಂದೆ ಬೀಳುತ್ತದೆ, ಆಮೇಲೆ ಎಷ್ಟು ತಿನ್ನಿಸಿದರೂ ಅದು ಪೂರ್ತಿ ತುಂಬಿಬರುವುದಿಲ್ಲ.

ಗಂಟೆಗಳ ಲೆಕ್ಕ ಹಾಕಿ ನೋಡಿ. ಮೊಟ್ಟೆ ಒಡೆಯುವುದು 21 ದಿನಕ್ಕೆ ಎನ್ನುತ್ತೇವೆ, ಆದರೆ ಎಲ್ಲವೂ ಒಟ್ಟಿಗೆ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ 24ರಿಂದ 36 ಗಂಟೆ ಅಂತರ ಇರಬಹುದು. ಎಲ್ಲ ಬಂದ ಮೇಲೇ ಹ್ಯಾಚರಿಯವರು ಟ್ರೇ ಹೊರಗೆ ತೆಗೆಯುವುದು, ಆಮೇಲೆ ವಿಂಗಡಣೆ, ಲಸಿಕೆ, ಎಣಿಕೆ, ಬಾಕ್ಸು, ಗಾಡಿ, ದಾರಿ. ನಿಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಕೊನೆಗೆ ಹುಟ್ಟಿದ ಮರಿಯ ಹಸಿವು ಅರ್ಧ ದಿನದ್ದು, ಮೊದಲು ಹುಟ್ಟಿದ್ದರದು ಒಂದೂವರೆ ದಿನಕ್ಕಿಂತ ಜಾಸ್ತಿ. ಅದರ ಮೇಲೆ ನೀವು ಇನ್ನೂ ಏಳೆಂಟು ಗಂಟೆ ಕಾಯಿಸುತ್ತೀರಿ. ಸಣ್ಣ ದಪ್ಪ ಆಗುವುದಕ್ಕೆ ಬೇರೆ ಕಾರಣಗಳೂ ಇವೆ, ಎಳೆಯ ತಾಯಿಕೋಳಿಗಳ ಮರಿ ಮತ್ತು ಬಲಿತ ತಾಯಿಕೋಳಿಗಳ ಮರಿ ಒಂದೇ ಲೋಡಿನಲ್ಲಿ ಬೆರೆತು ಬಂದರೂ ಹೀಗಾಗುತ್ತದೆ, ಅದನ್ನು ಹ್ಯಾಚರಿಯವರನ್ನು ಕೇಳಿ ತಿಳಿದುಕೊಳ್ಳಿ. ಆದರೆ ರಾತ್ರಿಯ ಉಪವಾಸ ನಿಮ್ಮ ಕೈಯಲ್ಲೇ ಇರುವ ಕಾರಣ.

ಈಗ ಆ ಹಳದಿಯ ವಿಷಯ. ಹುಟ್ಟಿದ ಮರಿ 40 ಗ್ರಾಂ ಆಸುಪಾಸು ತೂಗುತ್ತದೆ, ಅದರಲ್ಲಿ ಐದಾರು ಗ್ರಾಂ ಹಳದಿಯೇ. ತಾಯಿಕೋಳಿ ಕೊಟ್ಟ ರೋಗನಿರೋಧಕ ಅಂಶಗಳೂ ಅದರಲ್ಲಿರುತ್ತವೆ. ಹೊರಗಿನಿಂದ ಏನೂ ಸಿಗದಿದ್ದರೆ ಮರಿ ಅದನ್ನು ಸೌದೆಯ ಹಾಗೆ ಉರಿಸಿ ಬದುಕುತ್ತದೆ. ಫೀಡ್ ಹೊಟ್ಟೆಗೆ ಬಿದ್ದರೆ ಹಳದಿ ಹಾಗೇ ಉಳಿದುಬಿಡುತ್ತದೆ ಎಂಬ ಹೆದರಿಕೆ ತುಂಬ ಜನಕ್ಕಿದೆ. ಆಗುವುದು ಅದಕ್ಕೆ ಪೂರಾ ಉಲ್ಟಾ. ತಿಂದಾಗ ಕರುಳು ಅಲುಗಾಡುತ್ತದೆ, ಆ ಅಲುಗಾಟಕ್ಕೆ ಹಳದಿ ಕರುಳಿಗೆ ಇಳಿದು ಬೇಗ ಖಾಲಿಯಾಗುತ್ತದೆ.

ಮೊದಲ ವಾರ ಮರಿಯ ಮೈಗಿಂತ ವೇಗವಾಗಿ ಬೆಳೆಯುವುದು ಕರುಳು. ಒಳಗೋಡೆಯ ಸಣ್ಣ ಸಣ್ಣ ಕುಚ್ಚುಗಳು ಉದ್ದವಾಗಿ ಹರಡಿಕೊಂಡಷ್ಟೂ ಮುಂದೆ ತಿಂದದ್ದು ಮೈಗೆ ಹತ್ತುತ್ತದೆ, ಮತ್ತು ಅವು ಬೆಳೆಯಬೇಕಾದರೆ ಆಹಾರ ಅವನ್ನು ಮುಟ್ಟಲೇಬೇಕು. ಎದೆಯ ಮಾಂಸದ್ದೂ ಇದೇ ಕಥೆ. ಮಾಂಸದ ಎಳೆಗಳ ಸಂಖ್ಯೆ ಹುಟ್ಟುವಾಗಲೇ ಗೊತ್ತಾಗಿಬಿಟ್ಟಿರುತ್ತದೆ, ಅವುಗಳನ್ನು ದಪ್ಪ ಮಾಡುವ ಕಣಗಳು ಜೋರಾಗಿ ಹೆಚ್ಚುವುದು ಮೊದಲ ಕೆಲವೇ ದಿನ. ಆ ದಿನಗಳಲ್ಲಿ ಹಸಿದ ಮರಿಗೆ ಎದೆ ತುಂಬುವುದು ಕಷ್ಟ. ನೆದರ್ಲೆಂಡ್ಸಿನಲ್ಲಿ ಕೆಲವು ಹ್ಯಾಚರಿಗಳು ಮರಿ ಒಡೆಯುವ ಪೆಟ್ಟಿಗೆಯೊಳಗೇ ನೀರು, ಫೀಡ್ ಇಡುತ್ತವೆ. ನಮಗೆ ಅಷ್ಟೆಲ್ಲ ಬೇಡ. ಬಾಕ್ಸು ಇಳಿಸುವ ಮೊದಲೇ ಕಾಗದದ ಮೇಲೆ ಪ್ರಿ-ಸ್ಟಾರ್ಟರ್ (ಮೊದಲ ದಿನಗಳಿಗೆಂದೇ ಮಾಡಿದ ಫೀಡ್) ಹರಡಿ, ಪಕ್ಕದಲ್ಲೇ ನೀರಿಟ್ಟು, ದೀಪ ಹಾಕಿರಲಿ. ಬೆಲ್ಲದ ನೀರು ಮೊದಲ ಎರಡು ಮೂರು ಗಂಟೆಗೆ ಸಾಕು, ಅದು ಫೀಡಿಗೆ ಬದಲಿಯಲ್ಲ.

ಶೆಡ್ಡು ಬೆಚ್ಚಗಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಚಳಿಯಾದ ಮರಿ ತಿನ್ನುವುದಿಲ್ಲ, ಗುಂಪುಗೂಡಿ ನಿಲ್ಲುತ್ತದೆ. ಹಿಂದಿನ ದಿನವೇ ಬ್ರೂಡರ್ (ಮರಿಗೆ ಕಾವು ಕೊಡುವ ಹೀಟರು) ಹಚ್ಚಿ ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಬಿಸಿ ಮಾಡಿಡಿ, ಮರಿ ನಿಲ್ಲುವ ಎತ್ತರದಲ್ಲಿ 32ರಿಂದ 34 ಡಿಗ್ರಿ ಇರಲಿ. ನಾನು ಯಾವ ಶೆಡ್ಡಿಗೆ ಹೋದರೂ ಮೊದಲು ಒಂದು ಮರಿ ಎತ್ತಿ ಅದರ ಪಾದವನ್ನು ನನ್ನ ಕೆನ್ನೆಗೆ ಒತ್ತಿಕೊಳ್ಳುತ್ತೇನೆ. ತಣ್ಣಗಿದ್ದರೆ ಮಿಕ್ಕ ಮಾತೆಲ್ಲ ಆಮೇಲೆ.

ಮರಿ ತಿಂದಿತೋ ಇಲ್ಲವೋ ಎಂದು ಕೈಯಲ್ಲೇ ನೋಡಬಹುದು. ಕುತ್ತಿಗೆಯ ಬುಡದ ಗಂಟಲ ಚೀಲವನ್ನು ಮೆಲ್ಲಗೆ ಮುಟ್ಟಿ. ಮೆತ್ತಗೆ ಅಂಬಲಿಯ ಹಾಗಿದ್ದರೆ ತಿಂದು ಕುಡಿದಿದೆ. ಗಟ್ಟಿಯಾಗಿ ಕಾಳು ಸಿಕ್ಕರೆ ನೀರು ಸಿಕ್ಕಿಲ್ಲ. ಬರೀ ನೀರಿನ ಗುಳ್ಳೆಯಾದರೆ ಫೀಡ್ ಸಿಕ್ಕಿಲ್ಲ. ಮಾರನೇ ದಿನ ಅದೇ ಹೊತ್ತಿಗೆ ನೂರು ಮರಿ ಮುಟ್ಟಿದರೆ ತೊಂಬತ್ತೈದರ ಚೀಲವಾದರೂ ತುಂಬಿರಬೇಕು. ಏಳನೇ ದಿನ ತಕ್ಕಡಿಗೆ ಹಾಕಿ, ಬಂದ ತೂಕದ ನಾಲ್ಕು, ನಾಲ್ಕೂವರೆ ಪಟ್ಟು ಇರಬೇಕು. 42 ಗ್ರಾಂ ಇದ್ದದ್ದು 170 ಕೂಡ ಮುಟ್ಟದಿದ್ದರೆ ಮುಂದಿನ ಬ್ಯಾಚಿಗೆ ಬ್ರೂಡಿಂಗ್ (ಮೊದಲ ದಿನಗಳ ಕಾವು, ಆರೈಕೆ) ಮೊದಲಿಂದ ಸರಿ ಮಾಡಿ.

ಪ್ರಶ್ನೆ: ಪ್ರಿ-ಸ್ಟಾರ್ಟರ್ ತುಂಬ ದುಬಾರಿ. ಮೊದಲ ವಾರ ಮೆಕ್ಕೆಜೋಳದ ನುಚ್ಚು ಕೊಟ್ಟರೆ ಆಗದೇ? ಮನೆಯಲ್ಲೇ ಬೆಳೆದ ಜೋಳ ಇದೆ.
– ದಾವಣಗೆರೆ ಜಿಲ್ಲೆಯ ಓದುಗರು

ಉತ್ತರ: ಬೇಡ. ಮರಿಗೆ ಈಗ ಬೇಕಿರುವ ಪ್ರೋಟೀನ್ 22-23 ಪರ್ಸೆಂಟ್, ಮೆಕ್ಕೆಜೋಳದಲ್ಲಿರುವುದು 8-9. ಹಿಕ್ಕೆ ಮರಿಯ ಹಿಂಬದಿಗೆ ಅಂಟಿಕೊಳ್ಳದಿರಲಿ ಎಂದು ಮೊದಲ ಕೆಲವು ಗಂಟೆ ಒಂದು ಹಿಡಿ ನುಚ್ಚು ಹಾಕುವ ರೂಢಿ ಇದೆ, ಅಷ್ಟಕ್ಕೆ ನನ್ನ ತಕರಾರಿಲ್ಲ. ಇಡೀ ವಾರ ಅದನ್ನೇ ಕೊಟ್ಟರೆ ಮರಿ ಕುಗ್ಗುತ್ತದೆ. ಖರ್ಚನ್ನು ಚೀಲದ ಬೆಲೆಯಿಂದ ಲೆಕ್ಕ ಹಾಕಬೇಡಿ. ಮೊದಲ ವಾರ ಒಂದು ಮರಿ ತಿನ್ನುವುದು 150 ಗ್ರಾಂ ಆಸುಪಾಸು, ಎರಡು ಕೆಜಿ ತೂಗುವ ಹೊತ್ತಿಗೆ ಅದು ಮೂರು ಕೆಜಿಗೂ ಮೇಲೆ ತಿಂದಿರುತ್ತದೆ. ಉಳಿಸುವುದಿದ್ದರೆ ಆ ಮೂರು ಕೆಜಿಯಲ್ಲಿ ಉಳಿಸಿ. ಇನ್ನೊಂದು ಮಾತು, ಮಳೆಗೆ ಸಿಕ್ಕಿ ಬೂಸಲು ಹಿಡಿದ ಜೋಳವನ್ನು ಮರಿಗೆ ಹಾಕಲೇಬೇಡಿ. ಬೂಸಲಿನ ಅಫ್ಲಾಟಾಕ್ಸಿನ್ ಎಂಬ ವಿಷ ಎಳೆಯ ಮರಿಯ ಲಿವರನ್ನೇ ಹಾಳು ಮಾಡುತ್ತದೆ. ತೊಳೆದು ಒಣಗಿಸಿದರೂ ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ: ಮೂರು ನಾಲ್ಕನೇ ದಿನ ಮರಿಗಳ ಹೊಟ್ಟೆ ಊದಿ, ಹೊಕ್ಕುಳ ಒದ್ದೆಯಾಗಿ ಸಾಯುತ್ತಿವೆ. ಬೇಗ ಫೀಡ್ ಹಾಕಿದ್ದಕ್ಕೆ ಹೀಗಾಯಿತೇ?
– ತುಮಕೂರು ಜಿಲ್ಲೆಯ ಓದುಗರು

ಉತ್ತರ: ಇಲ್ಲ, ಫೀಡನ್ನು ದೂರಬೇಡಿ. ಹಳದಿ ಚೀಲಕ್ಕೆ ಸೋಂಕು ತಗುಲಿದ ಹಾಗೆ ಕಾಣುತ್ತದೆ. ಮೊಟ್ಟೆ ಕೊಳಕಾಗಿದ್ದರೆ, ಹ್ಯಾಚರಿಯಲ್ಲಿ ಶುಚಿ ತಪ್ಪಿದರೆ, ಹೊಕ್ಕುಳ ಸರಿಯಾಗಿ ಮುಚ್ಚದೆ ಬಂದರೆ ಹೀಗಾಗುತ್ತದೆ. ಶೆಡ್ಡಿನ ಚಳಿ, ಹಸಿ ಲಿಟ್ಟರು (ನೆಲದ ಹಾಸು) ಅದನ್ನು ಇನ್ನೂ ಜಾಸ್ತಿ ಮಾಡುತ್ತವೆ. ಸುಮ್ನೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನೀರಿಗೆ ಹಾಕಬೇಡಿ. ಇವತ್ತು ಸತ್ತ ಎರಡು ಮೂರು ಮರಿಯನ್ನು ಕವರಿನಲ್ಲಿ ಕಟ್ಟಿ ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಿಸಿ, ಮತ್ತು ಎಷ್ಟನೇ ದಿನ ಎಷ್ಟು ಸತ್ತವು ಎಂದು ಬರೆದಿಟ್ಟುಕೊಂಡು ಹ್ಯಾಚರಿಗೂ ತಿಳಿಸಿ.