‘ಆಕ್ಟಿಂಗ್ ಪ್ರಿನ್ಸಿಪಾಲ್’ ಸಹಿ ನಡೆಯುತ್ತೆ ಸಾರ್

ಮಗನ ಟಿ.ಸಿ. ಮೇಲೆ ಮಂಡ್ಯದ ಕಾಲೇಜಿನವರು ‘ಆಕ್ಟಿಂಗ್ ಪ್ರಿನ್ಸಿಪಾಲ್’ ಅಂತ ಸಹಿ ಹಾಕಿದ್ದಾರೆ, ಆಕ್ಟ್ ಅಂದ್ರೆ ನಟನೆ ಅಲ್ವಾ ಅಂತ ಕೇಳಿದ್ದೀರಿ. ಇಲ್ಲಿ ನಟನೆ ಏನಿಲ್ಲ. ಖಾಲಿ ಇರುವ ಹುದ್ದೆಯ ಕೆಲಸ ನೋಡಿಕೊಳ್ಳುತ್ತಿರುವವರು, ಅಂದರೆ ಹಂಗಾಮಿ. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರೇ ಹಂಗಾಮಿ ರಾಷ್ಟ್ರಪತಿ. ಫೆಬ್ರವರಿಯಿಂದ ಜುಲೈವರೆಗೆ ಅವರ ಸಹಿಗೆ ಪೂರ್ತಿ ಬೆಲೆಯಿತ್ತು. ನೀವು ಹೇಳುವ ಆಕ್ಟಿಂಗ್ ಬೇಕಾದರೆ ಮೈಸೂರಿನ ರಂಗಾಯಣಕ್ಕೆ ಹೋಗಿ. ನಾಟಕದ ಅಂಕಕ್ಕೂ ಇಂಗ್ಲಿಷಿನವರು ಆಕ್ಟ್ ಅಂತಲೇ ಅನ್ನುತ್ತಾರೆ, ಏನು ಮಾಡೋಣ! 2005ರ ಮಾಹಿತಿ ಹಕ್ಕು ಆಕ್ಟ್ ಬೇರೆ, ಅದು ಕಾಯ್ದೆ: ಮಸೂದೆ ಎರಡೂ ಸದನ ದಾಟಿ ರಾಷ್ಟ್ರಪತಿಯ ಅಂಕಿತ ಬಿದ್ದ ಮೇಲಷ್ಟೇ ಆಕ್ಟ್. ಟಿ.ಸಿ.ಯಲ್ಲಿ ಸಹಿ ಪಕ್ಕ ಸೀಲ್ ಬಿದ್ದಿದೆಯಾ ನೋಡಿಕೊಳ್ಳಿ.